ಗೋಡೆಗೆ ಮುಖ ಮಾಡಿದ ರೇಡಿಯೊ

"ಹಿಂದಿನ ಬೆಂಚು, ಗಂಟು ಬಿಗಿ ಮಾಡ್ರಯ್ಯಾ! ನಾನಿನ್ನೂ ಬದುಕಿದ್ದೀನಿ!"

ಚಟ್ಟದ ಹಗ್ಗ ಎಳೆಯುತ್ತಿದ್ದ ಶಿಷ್ಯ, ತೀರಿಕೊಂಡ ಮೇಷ್ಟ್ರ ಮೂಗಿನ ದನಿಯಲ್ಲೇ ಗದರಿದ. ಅಳುತ್ತಿದ್ದ ಮಗಳು ಫಕ್ಕನೆ ನಕ್ಕುಬಿಟ್ಟಳು.

"ಸುಮ್ನಿರಿ ಅಣ್ಣಾ. ಅಪ್ಪ ಎದ್ದು ಕೂತಾರು."

"ಕೂತ್ರೆ ಪಾಠ ಶುರು." ಶಿಷ್ಯ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಸಿದ. "ದೇಶ ದೊಡ್ಡದಾದಷ್ಟೂ ವ್ಯಾಪಾರ ಜಾಸ್ತಿ, ದೂರ ಆದಷ್ಟೂ ಕಮ್ಮಿ. ಇಷ್ಟೇ ಕಣ್ರೋ ಗುರುತ್ವ ಮಾದರಿ! ಇದಕ್ಕೆ ನನ್ನ ಅರ್ಧ ಆಯುಷ್ಯ ಹೋಯ್ತು, ನಿಮಗೆ ಅರ್ಧ ಗಂಟೆ ಕೂರಕ್ಕಾಗಲ್ವಾ?"

ಅಂಗಳದಲ್ಲಿದ್ದ ಹಳೆಯ ವಿದ್ಯಾರ್ಥಿಗಳ ನಗು ಕರವಸ್ತ್ರದೊಳಗೆ ಅಡಗಿತು. ದೇಶದ ಆಮದು ರಫ್ತನ್ನೆಲ್ಲ ಆ ಒಂದೇ ಸೂತ್ರದಲ್ಲಿ ಅಳೆದವರಿಗೆ 'ಗುರುತ್ವ ಮೇಷ್ಟ್ರು' ಎಂದು ಹೆಸರಿಟ್ಟವರು ಅವರೇ. ಗುರುವಿಗೆ ತೂಕವೂ ಇತ್ತು. ಎತ್ತಿ ಮಲಗಿಸುವಾಗ ಗೊತ್ತಾಗಿತ್ತು.

ಹೆಗಲು ಮಾತ್ರ ಮೂರೇ: ಮಗಳು, ಅಳಿಯ, ಶಿಷ್ಯ. ನಾಲ್ಕನೆಯದಕ್ಕೆ ಎಷ್ಟೋ ಜನ ಮುಂದೆ ಬಂದರೂ ಅಮ್ಮ ಬಿಡಲಿಲ್ಲ.

"ತಲೆ ಹತ್ತಿರದ ಆ ಮೂಲೆ ಪಕ್ಕದ ಮನೆಯವರಿಗೆ."

"ಎರಡು ಸಲ ಕರೆದು ಬಂದೆನಮ್ಮಾ," ಎಂದಳು ಮಗಳು. "'ನಾನು ಬಂದ್ರೆ ನಿಮ್ಮಪ್ಪನಿಗೆ ಸರಿಹೋಗಲ್ಲ' ಅಂತ ಕಿಟಕಿಯಿಂದಲೇ ಹೇಳಿ ಕಳಿಸಿದ್ರು."

ಗೇಟಿನಾಚೆ ವ್ಯಾನಿನ ಡ್ರೈವರ್ ಹಾರ್ನ್ ಒತ್ತಿದ.

"ಹೊತ್ತಾಗ್ತಿದೆ ಅತ್ತೆ," ಎಂದ ಅಳಿಯ.

"ಆಗ್ಲಿ. ನಿಮ್ಮ ಮಾವನಿಗೇನು ಈಗ ಕ್ಲಾಸಿದೆಯಾ?"

*

ಪಕ್ಕದ ಮನೆಯವರು, ಗುರುತ್ವ ಮೇಷ್ಟ್ರು ಅರ್ಥಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲೇ ಭೂಗೋಳದ ಮೇಷ್ಟ್ರು. ಕುಳ್ಳಗೆ, ಗುಂಡಗೆ. ಅಡ್ಡಹೆಸರಿಗೆ ಹುಡುಗರು ತಲೆ ಕೆಡಿಸಿಕೊಳ್ಳಲಿಲ್ಲ: 'ಗ್ಲೋಬು'. ಇಬ್ಬರ ಕ್ವಾರ್ಟರ್ಸಿಗೂ ನಡುವೆ ಒಂದೇ ಗೋಡೆ. ಒಮ್ಮೆ ತುಂಬಿದ ಸಭೆಯಲ್ಲಿ ಗುರುತ್ವ ಮೇಷ್ಟ್ರು ತಮ್ಮ ಲೆಕ್ಕ ಮಂಡಿಸಿ ಕೂರುವಷ್ಟರಲ್ಲಿ ಗ್ಲೋಬು ಎದ್ದರು.

"ದೂರ ಎಲ್ಲಿಂದ ಎಲ್ಲಿಗೆ ಅಳೆದ್ರಿ ಸಾರ್?"

"ರಾಜಧಾನಿಯಿಂದ ರಾಜಧಾನಿಗೆ."

"ಹಡಗು ಹೊರಡೋದು ಬಂದರಿಂದ. ನಮ್ಮ ರಾಜಧಾನೀಲಿ ಈಜುಕೊಳ ಬಿಟ್ರೆ ನೀರೇ ಇಲ್ವಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಅಂದೇ ಗ್ಲೋಬಿನ ಜೊತೆ ಮಾತು ಬಿಟ್ಟರು. ಲೆಕ್ಕವನ್ನು ಮಾತ್ರ ಮರುದಿನವೇ ಬಂದರಿನಿಂದ ಬಂದರಿಗೆ ಮತ್ತೆ ಹಾಕಿದರು. ಆದರೂ ಒಂದು ಜೋಡಿ ಅವರ ಮಾದರಿಗೆ ಕೊನೆವರೆಗೂ ಬಗ್ಗಲಿಲ್ಲ: ಗಡಿ ಹಂಚಿಕೊಂಡ ಎರಡು ದೊಡ್ಡ ದೇಶಗಳು, ಜಗಳವಾಡಿಕೊಂಡು, ಲೆಕ್ಕದಲ್ಲಿ ವ್ಯಾಪಾರವೇ ಸೊನ್ನೆ. "ಸೊನ್ನೆ ಅಂದ್ರೆ ಇಲ್ಲ ಅಂತಲ್ಲ ಕಣ್ರೋ," ಎನ್ನುತ್ತಿದ್ದರು ಮೇಷ್ಟ್ರು, "ಸುಂಕದವರ ಕಣ್ಣಿಗೆ ಬೀಳ್ತಿಲ್ಲ ಅಂತ."

*

ಅಮ್ಮ ಎದ್ದು ಒಳಗೆ ನಡೆದರು. ಶಿಷ್ಯ ಹಿಂದೆಯೇ ಹೋದ. ಕಪಾಟಿನ ಮೇಲೆ ಮೇಷ್ಟ್ರ ಹಳೆಯ ರೇಡಿಯೊ, ಕೋಣೆಗೆ ಬೆನ್ನು ಹಾಕಿ, ಗೋಡೆಗೆ ಮೂತಿಯಿಟ್ಟು ಕೂತಿತ್ತು.

"ಇದ್ಯಾಕಮ್ಮಾ, ಮುನಿಸಿಕೊಂಡ ಹಾಗೆ?"

"ಪಕ್ಕದ ಮನೆಯವರ ರೇಡಿಯೊ ಕೆಟ್ಟಾಗ ಇವರು ಹೀಗೆ ತಿರುಗಿಸಿಟ್ರು. ಯಾಕೆ ಅಂತ ಕೇಳಿದ್ರೆ, ಗೋಡೆಗೆ ತೇವ ಬಂದಿದೆ, ಇದರ ಬಿಸಿಗೆ ಒಣಗುತ್ತೆ ಅಂತ ಸುಳ್ಳು! ದನಿ ಸಣ್ಣದಾದ್ರೆ ಅವರು ಗೋಡೆ ಕುಟ್ಟೋರು, ಇವರು ಜೋರು ಮಾಡೋರು. ಮಾತಿಲ್ಲ, ಕತೆಯಿಲ್ಲ."

ಅಮ್ಮ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಸಾವಿನ ಮನೆಯಲ್ಲಿ ಪೇಟೆ ಧಾರಣೆ ಮೊಳಗಿತು. "ಮೆಣಸು ಸ್ಥಿರ. ಹತ್ತಿ ಇಳಿಕೆ..." ನೆಂಟರು ಕಣ್ಣು ಕಣ್ಣು ಬಿಟ್ಟರು. ಶಿಷ್ಯ ಗೋಡೆಗೆ ಕಿವಿಗೊಟ್ಟ. ಕುಟ್ಟುವ ಸದ್ದಿಲ್ಲ. ಸಕ್ಕರೆ ಏರಿತು, ಎಣ್ಣೆ ಏರಿತು.

ಅಷ್ಟರಲ್ಲಿ ಬಾಗಿಲಲ್ಲಿ ಗ್ಲೋಬು! ಮೈಮೇಲೆ ಬನಿಯನ್ನು, ಕಾಲಿಗೆ ಒಂದಕ್ಕೊಂದು ಸಂಬಂಧವಿಲ್ಲದ ಚಪ್ಪಲಿ. ಯಾರನ್ನೂ ನೋಡದೆ ಕಪಾಟಿನತ್ತ ಹೋಗಿ ದನಿ ತಗ್ಗಿಸಿದರು.

"ಇಷ್ಟು ಜೋರು ಯಾಕಮ್ಮಾ? ನಂಗೆ ಕೇಳ್ಸುತ್ತೆ. ದಿನಾ ಕೇಳ್ಸೋದು."

"ಒಂದು ಮೂಲೆ ಖಾಲಿ ಇದೆ," ಎಂದರು ಅಮ್ಮ.

"ನನ್ನ ಎತ್ತರ ಸಾಲಲ್ಲಮ್ಮಾ."

"ಅವರು ಅಡ್ಜಸ್ಟ್ ಮಾಡ್ಕೋತಾರೆ, ಬನ್ನಿ."

ಎತ್ತಿದರು. ಮೂರು ಹೆಗಲು ಒಂದೆತ್ತರ, ನಾಲ್ಕನೆಯದು ಒಂದು ಗೇಣು ಕೆಳಗೆ. ಅಂಗಳ ದಾಟುವಷ್ಟರಲ್ಲಿ ಚಟ್ಟ ಆ ಕಡೆಗೇ ವಾಲಿತು. ಮೇಷ್ಟ್ರ ತಲೆ ಮೆಲ್ಲಗೆ ಜಾರುತ್ತ ಜಾರುತ್ತ ಹೋಗಿ, ಗ್ಲೋಬಿನ ಕಿವಿಯ ಪಕ್ಕದಲ್ಲಿ ನಿಂತಿತು.