ಕೆಳಗಿಡಲಾಗದ ರಾಣಿ

ದೀಪಾವಳಿಗೆ ಮೂರೆಲೆ ಇಸ್ಪೀಟು ಆಡಿದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ನಮ್ಮ ಕಡೆ ಹೇಳುವವರು ಬಹಳ. ಯಾರಿಗೆ ಒಲಿದಳು ಎಂದು ಕೇಳಿ ನೋಡಿ, ಮಾತು ಬದಲಿಸುತ್ತಾರೆ. ನಿಜಾಮರ ಆಳ್ವಿಕೆ ಇದ್ದಾಗಲೂ ಹೀಗೆಯೇ ಇತ್ತು.

ಆಗ ಕಮಲಾಪುರದಲ್ಲಿ ಅಣವೀರಪ್ಪ ಎಂಬ ಬಾಳೆತೋಟದವನಿದ್ದ. ದುಡಿಯುವವ, ಒಳ್ಳೆಯವ. ಹಬ್ಬಕ್ಕೆ ಮುಂಚೆ ಕೆಂಪು ಬಾಳೆಹಣ್ಣು ಮಾರಲು ಬಂಡಿ ಕಟ್ಟಿಕೊಂಡು ಕಲಬುರಗಿಗೆ ಹೋದ. ಪೇಟೆಯ ಒಬ್ಬ ದಲಾಲಿಯ ಅಂಗಡಿಯಲ್ಲಿ ಗಾದಿ ಹಾಸಿ ಆಟ ನಡೆದಿತ್ತು. "ಬರ್ರಿ ಗೌಡ್ರ, ಕೂಡ್ರಿ" ಎಂದರು. ಕೂತ. ಹಣ್ಣು ಮಾರಿದ ದುಡ್ಡೆಲ್ಲ ಅಲ್ಲೇ ಕರಗಿತು. "ಪಾಡ್ಯಕ್ಕ ನಮ್ಮ ಎಮ್ಮಿ ತರತೀನಿ, ಅದನ್ನ ಪಣಕ್ಕ ಇಡತೀನಿ" ಎಂದು ಹೇಳಿ ಊರಿಗೆ ಬಂದ.

ಆ ಎಮ್ಮೆ ಹೆಂಡತಿ ಶಿವಕಾಂತಮ್ಮನ ತವರಿನವರು ಕೊಟ್ಟದ್ದು. ಮನೆಯ ಕೂಸಿಗೆ ಅದರ ಹಾಲೇ ಆಧಾರ. ಆಕೆ ಅತ್ತಳು, ಅಂಗಲಾಚಿದಳು. ಅವನು ಕೇಳಲಿಲ್ಲ. ಕಡೆಗೆ ಕೂಸನ್ನು ಎತ್ತಿಕೊಂಡು ಆಕೆಯೂ ಬಂಡಿ ಹತ್ತಿದಳು. ಎಮ್ಮೆ ಬಂಡಿಯ ಹಿಂದೆ ನಡೆಯಿತು. ಪಾಪ, ಅದಕ್ಕೇನು ಗೊತ್ತು!

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರ ಅಣವೀರಪ್ಪನ ಅಕ್ಕ ನೀಲಗಂಗಮ್ಮನ ಮನೆ. ಅರಿವೆ ವ್ಯಾಪಾರದ ಮನೆ ಅದು. ಹಬ್ಬದಲ್ಲಿ ಹೆಣ್ಣುಮಕ್ಕಳೂ ದುಡ್ಡಿನ ಬದಲು ಹುಣಸೆಬೀಜ ಇಟ್ಟುಕೊಂಡು ಎಲೆ ಆಡುತ್ತಿದ್ದರು. ಊಟಕ್ಕೆ ಬಂದ ತಮ್ಮನ ಸಂಗತಿ ತಿಳಿದ ಮೇಲೂ ಅಕ್ಕ ಬೈಯಲಿಲ್ಲ. ಬೈದರೆ ಎದ್ದು ಹೋಗುತ್ತಾನೆ ಎಂದು ಆಕೆಗೆ ಗೊತ್ತಿತ್ತು.

"ತಮ್ಮಾ, ನೀ ಹ್ಯಾಂಗ ಆಡತಿ, ನನಗೂ ಒಂದೀಟು ತೋರಸು" ಎಂದು ಬೀಜ ಹಂಚಿದಳು.

ಆಟ ಸರಳ. ಇಬ್ಬರೂ ಒಂದೊಂದು ಬೀಜ ನಡುವೆ ಹಾಕಬೇಕು. ಮೂರು ಮೂರು ಎಲೆ ಬರುತ್ತವೆ. ಎಲೆ ಕೆಟ್ಟಿದ್ದರೆ ಕೆಳಗಿಟ್ಟು ಸುಮ್ಮನಾಗಬಹುದು, ಆ ಒಂದು ಬೀಜ ಮಾತ್ರ ಹೋಗುತ್ತದೆ. ಮುಂದೆ ಆಡುವುದಾದರೆ ಬೀಜ ಹಾಕುತ್ತಲೇ ಹೋಗಬೇಕು. ಕಡೆಗೆ ಯಾರ ಎಲೆ ದೊಡ್ಡದೋ ಅವರಿಗೆ ಎಲ್ಲ ಬೀಜ; ಸಣ್ಣ ಎಲೆಗಳ ಜೋಡಿಯೂ ಒಂಟಿ ರಾಣಿಗಿಂತ ದೊಡ್ಡದು.

ಮೊದಲ ಸಲ ಅಣವೀರಪ್ಪನಿಗೆ ಒಂದು ರಾಣಿ, ಜೊತೆಗೆ ಒಂದಕ್ಕೊಂದು ಹೊಂದದ ಎರಡು ಸಣ್ಣ ಎಲೆ. ಬೀಜದ ಮೇಲೆ ಬೀಜ ಹಾಕಿದ. ಸೋತ.

"ಇಂಥಾ ಎಲಿ ಯಾಕ ಆಡಿದ್ಯೋ?"

"ರಾಣಿ ಬಂದಾಳಲ್ಲಕ್ಕ! ಹಬ್ಬದಾಗ ಮನಿಗಿ ಬಂದ ಲಕ್ಷ್ಮೀನ ಕೆಳಗ ಒಗೀಲೇನು?"

ಎರಡನೆಯ ಸಲ ಮೂರೂ ಕೆಟ್ಟ ಎಲೆ. ಆದರೂ ಬಿಡಲಿಲ್ಲ. "ಮೊದಲೇ ಒಂದು ಬೀಜ ಹಾಕೀನಿ, ಬಿಟ್ಟರ ಅದು ಸುಮ್ನ ಹೋಗತದಲ್ಲ" ಎಂದ. ಅದೊಂದರ ಆಸೆಗೆ ಹಿಡಿ ತುಂಬ ಬೀಜ ಹೋದವು.

ಮೂರನೆಯ ಸಲ ಎಲೆ ನೋಡಿದವನೇ ಮುಖ ಸಿಂಡರಿಸಿ ಒಗೆದುಬಿಟ್ಟ. ಅಕ್ಕ ತಿರುವಿ ನೋಡಿದಳು. ಮೂರರ ಜೋಡಿ! ಆಕೆಯ ಕೈಯಲ್ಲಿ ಜೋಡಿಯೇ ಇರಲಿಲ್ಲ.

"ಹುಚ್ಚಾ, ಇದು ಗೆಲ್ಲೋ ಎಲಿ ಇತ್ತು. ಚಿತ್ರ ಇದ್ದರ ಹಿಡೀತಿ, ಚಿತ್ರ ಇಲ್ಲಂದ್ರ ಒಗೀತಿ. ಹೊಸಬರು ಎಲ್ಲಾರೂ ಹಿಂಗೇ ಮಾಡತಾರ, ನಿನ್ನೊಬ್ಬಂದೇ ತಪ್ಪಲ್ಲ. ಆದ್ರ ಆ ಗಾದಿ ಮ್ಯಾಲಿನವ್ರಿಗಿ ಇದು ಗೊತ್ತದ. ರಾಣಿ ಬಂದಾಗ ನಿನ್ನ ಮಾರಿ ಅರಳೋದು ನೋಡಕೋತ ಕೂಡ್ತಾರ."

ಅಣವೀರಪ್ಪ ಥಟ್ಟನೆ ಎದ್ದು ನಿಂತ. "ಭಾಳ ಛಲೋ ಆತಕ್ಕ! ಈಗ ಕಲತೀನಿ. ಇವತ್ತ ಕೆಟ್ಟ ಎಲಿ ಆಡಂಗಿಲ್ಲ, ಗೆದ್ದೇ ಬರತೀನಿ."

ನೀಲಗಂಗಮ್ಮ ಅವನ ತೋಳು ಹಿಡಿದು ಕೂಡಿಸಿದಳು. ಬಿಡಿಸಲು ಹೋಗಿ ತಾನೇ ಹುಮ್ಮಸ್ಸು ತುಂಬಿದಂತಾಯಿತಲ್ಲ!

"ಹಂಗಾರ ಇನ್ನೊಂದು ಸಲ ಆಡು. ಈ ಸಲ ಬೀಜ ಬ್ಯಾಡ" ಎಂದು ಹೊರಗೆ ಹೋಗಿ, ಎಮ್ಮೆಯ ಹಗ್ಗ ಬಿಚ್ಚಿ ತಂದು ಅವನ ಕೈಗಿಟ್ಟಳು. ಎಮ್ಮೆ ಹೊಸ್ತಿಲ ಬಳಿ ಬಂದು ನಿಂತಿತು.

ಎಲೆ ಬಿದ್ದವು. ಬದಾಮಿನ ರಾಣಿ, ಒಂದು ಐದು, ಒಂದು ಎಂಟು. ಕೆಟ್ಟ ಎಲೆ ಎಂದು ಈಗ ಅವನಿಗೆ ಗೊತ್ತು. ಕೆಳಗಿಡಬೇಕು ಎಂದೂ ಗೊತ್ತು. ಆದರೂ ಕೈ ಇಳಿಯಲೊಲ್ಲದು.

"ಇದೊಂದೇ ಸಲ ಅಕ್ಕಾ... ಇವತ್ತ ಪಾಡ್ಯ ಅದ..." ಎಂದು ಹಗ್ಗವನ್ನು ಮುಂದೆ ಚಾಚಿದ.

ಮೂಲೆಯಲ್ಲಿ ಕೂತು ಒಳಲೆಯಿಂದ ಕೂಸಿಗೆ ಹಾಲು ಕುಡಿಸುತ್ತಿದ್ದ ಶಿವಕಾಂತಮ್ಮ ಆಗ ಬಾಯಿ ಬಿಟ್ಟಳು.

"ಕಾಗದದ ಲಕ್ಷ್ಮೀನ ಒಗೀಲಿಕ್ಕ ನಿಮಗ ಕೈ ಬರವಲ್ದು. ಕೂಸಿಗಿ ಹಾಲು ಕೊಡೋ ಲಕ್ಷ್ಮೀನ ಒಗೀಲಿಕ್ಕ ಹ್ಯಾಂಗ ಬರತದ್ರೀ?"

ಅಣವೀರಪ್ಪನ ಕೈ ಅಲ್ಲೇ ನಿಂತಿತು. ಕೂಸಿನ ಕಡೆ ನೋಡಿದ, ಅಳು ತಡೆಯಲಾಗಲಿಲ್ಲ. ರಾಣಿಯನ್ನು ನೆಲಕ್ಕಿಟ್ಟ. ಅವತ್ತು ಬಂಡಿ ಪೇಟೆಯ ಕಡೆ ಹೋಗದೆ ಕಮಲಾಪುರದ ದಾರಿ ಹಿಡಿಯಿತು. ಅವನು ಮತ್ತೆ ಪಣವಿಟ್ಟು ಆಡಲಿಲ್ಲ.

ಅಣ್ಣಂದಿರೇ, ತಮ್ಮಂದಿರೇ, ಈಗ ಎಲೆ ಕೈಯೊಳಗಿನ ಫೋನಿನಲ್ಲೂ ಬರುತ್ತದೆ. ಚಿತ್ರ ಕಂಡರೆ ಆಸೆ ಹುಟ್ಟುವುದು, ಹಾಕಿದ್ದನ್ನು ಬಿಡಲಾಗದಿರುವುದು ಮನುಷ್ಯನ ಸ್ವಭಾವ, ಅದಕ್ಕೆ ನಾಚಬೇಡಿ. ಆದರೆ ಆ ಸ್ವಭಾವವನ್ನೇ ನಂಬಿ ಹೊಟ್ಟೆ ಹೊರೆಯುವವರು ಎದುರಿಗೆ ಕೂತಿರುತ್ತಾರೆ. ಪಣವಿಟ್ಟು ಆಡಬೇಡಿ. ಈಗಾಗಲೇ ಸಿಕ್ಕಿಕೊಂಡಿದ್ದರೆ ಇವತ್ತೇ ಮನೆಯವರ ಮುಂದೆ ಹೇಳಿಬಿಡಿ. "ಈಗ ಆಟ ಕಲಿತೆ, ಇನ್ನು ಗೆಲ್ಲುತ್ತೇನೆ" ಎಂದು ಯಾವಾಗ ಅನಿಸುತ್ತದೋ, ಆಗಲೇ ಎದ್ದು ಬನ್ನಿ.