ತಲೆ ತಗ್ಗಿಸಿ ನಿಲ್ಲುತ್ತಿದ್ದ ಗಾಡಿ

ರಾತ್ರಿಯೆಲ್ಲ ಸುರಿದ ಮಳೆ ಬೆಳಗಾಗುವಷ್ಟರಲ್ಲಿ ತನ್ನ ಪಾಡಿಗೆ ತಾನು ಹೊರಟುಹೋಗಿತ್ತು. ಆಕಾಶ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು, ಬಿಸಿಲು ಇನ್ನೂ ಎಳೆಯದು. ಬೀದಿಯ ನೀರೆಲ್ಲ ಇಂಗಿದ್ದರೂ ಮನೆಯ ಮುಂದೆ ನಿಂತಿದ್ದ ಪಿಕಪ್ ಗಾಡಿಯಲ್ಲಿ ಮಾತ್ರ ಮಳೆ ಉಳಿದುಕೊಂಡಿತ್ತು. ಸಾಮಾನು ಹೇರುವ ತೊಟ್ಟಿಯ ಹಿಂದಿನ ಅರ್ಧ ಒಣಗಿತ್ತು. ಇದ್ದಬದ್ದ ನೀರೆಲ್ಲ ಮುಂದಕ್ಕೆ ಹರಿದು, ಡ್ರೈವರ್ ಬೆನ್ನ ಹಿಂದಿನ ತಗಡಿಗೆ ಆತುಕೊಂಡು ನಿಂತಿತ್ತು.

ಮೇಸ್ತ್ರಿಯ ಮಗಳು ಒಂದು ತಂಬಿಗೆ ಹಿಡಿದು ಅದನ್ನು ಮೊಗೆದು ಚೆಲ್ಲುತ್ತಿದ್ದಳು.

“ಅಮ್ಮ, ಬಂದು ನೋಡು. ಗೋಡೆಗೆ ಮಟ್ಟ ಹಿಡಿಯೋರ ಮನೆ ಗಾಡಿ ಇದು. ನೀರೇ ಸಾಕ್ಷಿ ಹೇಳ್ತಿದೆ.”

ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. “ನಿಮ್ಮಪ್ಪ ಮಲಗೋ ಮಂಚಕ್ಕೂ ರಸಮಟ್ಟ ಇಟ್ಟು ನೋಡಿದೋರು. ಕಾಲಿನ ಕೆಳಗೆ ರಟ್ಟು ಕೊಟ್ಟು ಸಮ ಮಾಡಿದ ಮೇಲೇನೇ ನನ್ನ ಮಲಗೋಕೆ ಬಿಟ್ಟಿದ್ದು. ಅಂಥೋರು ಈ ಗಾಡೀನ ಹೀಗೇ ಬಿಟ್ಟಿದ್ರು ಅಂದ್ರೆ ಏನೋ ಇರ್ಬೇಕು.”

“ಏನಿರುತ್ತೆ?”

“ನಂಗೇನು ಗೊತ್ತು? ಗಾಡಿ ಹತ್ರ ಮಾತಾಡಿದಷ್ಟು ನನ್ನ ಹತ್ರ ಎಲ್ಲಿ ಮಾತಾಡ್ತಿದ್ರು. ನಿಮ್ಮ ಚಿಕ್ಕಪ್ಪನ್ನ ಕೇಳು.”

“ಅವರ ಮುಂದೆ ಆ ಮಾತು ಎತ್ತಿದ್ದಕ್ಕೇ ನಿನ್ನೆ ಮುಖ ಊದಿಸ್ಕೊಂಡು ಹೋಗಿದ್ದು.”

ನಿನ್ನೆ ನಡೆದದ್ದು ಇಷ್ಟೇ. ಹೊಸ ಕಟ್ಟಡವೊಂದರ ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ. ಸಾಮಾನನ್ನು ನೆಲಮಾಳಿಗೆಗೆ ಇಳಿಸಬೇಕಿತ್ತು. ಕಡಿದಾದ ಇಳಿಜಾರು ಮುಗಿಯುವ ಕಡೆ ಗಾಡಿಯ ಮುಂದಿನ ಕಬ್ಬಿಣ ನೆಲಕ್ಕೆ ಉಜ್ಜಿ ಕಿರ್ರೆಂದು ಕಿರುಚಿತು. ಕಾವಲುಗಾರ ಕುರ್ಚಿಯಿಂದ ಏಳದೆಯೇ, “ನಿಮ್ಮ ಗಾಡಿ ನೆಲ ಮೂಸ್ಕೊಂಡು ಬರುತ್ತಲ್ಲಮ್ಮ, ಏನಾದ್ರೂ ಕಳ್ಕೊಂಡಿದ್ಯಾ?” ಎಂದ. ಇಂಥದ್ದು ಇದೇ ಮೊದಲಲ್ಲ. ಅಪ್ಪ ಕಟ್ಟುತ್ತಿದ್ದ ಮನೆಗಳಿಗೆ ನೆಲಮಾಳಿಗೆ ಇರಲಿಲ್ಲ. ಮಗಳ ಪಾಲಿಗೆ ಬರುವ ಕಟ್ಟಡಗಳಿಗೆಲ್ಲ ಇದೆ. ನಾಳೆಯೇ ಗ್ಯಾರೇಜಿಗೆ ಹೋಗಿ ಮುಂದುಗಡೆ ಎತ್ತಿಸಿ, ಹಿಂದುಮುಂದು ಸಮ ಮಾಡಿಸಿಬಿಡುತ್ತೇನೆ ಅಂದಳು. ಪಕ್ಕದ ಸೀಟಿನಲ್ಲಿದ್ದ ಚಿಕ್ಕಪ್ಪ ನಿಧಾನವಾಗಿ ಅವಳ ಕಡೆ ತಿರುಗಿದರು.

“ಇದು ಅಣ್ಣ ನಿಲ್ಲಿಸಿದ ಹಾಗೆ ನಿಂತಿರೋ ಗಾಡಿ ಪುಟ್ಟಿ. ಇದರ ಮೂಗು ಎತ್ತಿಸಿದ ದಿನ ನಾನಿದನ್ನ ಹತ್ತಲ್ಲ. ನೀನು ಬೇರೆ ಜನ ನೋಡ್ಕೋ.”

ಬೇರೆ ಜನ ಸಿಗದೆ ಏನು? ಕೆಲಸ ಬಲ್ಲವರು ಬೇಕಾದಷ್ಟಿದ್ದಾರೆ. ಆದರೆ ಅಪ್ಪ ತೀರಿಕೊಂಡ ಮೇಲೆ ಅವಳ ಕೈಗೆ ಕರಣೆ ಕೊಟ್ಟು, ಅವಳ ಜೊತೆ ಮೊಣಕಾಲೂರಿ ಕೂತು ಕೆಲಸ ಕಲಿಸಿದವರು ಚಿಕ್ಕಪ್ಪ. ದಿನಾ ಬೆಳಗ್ಗೆ ಬೀದಿಯ ತಿರುವಿನಲ್ಲಿ ಹತ್ತಿ, ಕೆಲಸದ ಜಾಗ ಬರುವ ತನಕ ಅಣ್ಣನದೊಂದು ಮಾತು ತೆಗೆಯುತ್ತಾರೆ. ಒಂದು ದಿನ ಅಣ್ಣ ಮಳೆಯಲ್ಲಿ ಗೋಡೆಗೆ ತನ್ನ ಅಂಗಿ ಹೊದಿಸಿ ಬರಿಮೈಯಲ್ಲಿ ಬಂದದ್ದು, ಇನ್ನೊಂದು ದಿನ ಕಟ್ಟಿದ ಗೋಡೆಯನ್ನು ತಾನೇ ಒದ್ದು ಕೆಡವಿದ್ದು. ಮನೆಯಲ್ಲಿ ಅಮ್ಮ ಆ ಮಾತೆತ್ತಿದರೆ ಕಣ್ಣೀರಾಗುತ್ತದೆ. ಗಾಡಿಯಲ್ಲಿ ಅದೇ ಮಾತು ನಗುವಾಗುತ್ತದೆ. ಆ ಸೀಟು ಖಾಲಿಯಾದರೆ ಅಪ್ಪನನ್ನು ಹಾಗೆ ನಗುನಗುತ್ತಾ ನೆನೆಯುವ ಜಾಗ ಅವಳಿಗೆ ಈ ಭೂಮಿಯ ಮೇಲೆ ಬೇರೆ ಇರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಇಳಿಜಾರು ಇಳಿಜಾರೇ.

ತಿರುವಿನಲ್ಲಿ ಚಿಕ್ಕಪ್ಪ ನಿಂತಿದ್ದರು. ಹತ್ತಿ ಬಾಗಿಲು ಎಳೆದುಕೊಂಡರು.

“ಗ್ಯಾರೇಜಿಗಾ?”

“ಹೂಂ.”

“ಸರಿ. ಅಲ್ಲಿವರೆಗೂ ಬರ್ತೀನಿ. ಮೂಗು ಇನ್ನೂ ಕೆಳಗೇ ಇದೆಯಲ್ಲ, ನನ್ನ ಮಾತಿಗೇನೂ ಭಂಗ ಇಲ್ಲ.”

“ಆಮೇಲೆ?”

“ಆಮೇಲೆ ದೇವರು ಎರಡು ಕಾಲು ಕೊಟ್ಟಿದ್ದಾನೆ.”

“ಮೊಣಕಾಲು ಕೊಟ್ಟಿಲ್ವಲ್ಲ. ದಿನಾ ಎಣ್ಣೆ ತಿಕ್ಕಿಸ್ಕೋತೀರಂತೆ, ಚಿಕ್ಕಮ್ಮ ಹೇಳಿದ್ರು.”

ಚಿಕ್ಕಪ್ಪನಿಗೆ ನಗು ಬಂತು. ನಗಬಾರದೆಂದು ಕಿಟಕಿಯಾಚೆ ನೋಡಿದರು. ಅಣ್ಣನ ಮಾತು ಆ ಬೆಳಗ್ಗೆ ಬರಲಿಲ್ಲ.

ಗ್ಯಾರೇಜು ನಡೆಸುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದದ್ದು ಜಾಕಿ ಮಾವ ಅಂತಲೇ. ಅರ್ಧ ಆಯುಷ್ಯ ಜಾಕಿಯ ಮೇಲೆ ಎತ್ತಿದ ಗಾಡಿಗಳ ಕೆಳಗೇ ಅಂಗಾತ ಮಲಗಿ ಕಳೆದವನು. ಮುಖ ನೋಡಿ ಗುರುತು ಹಿಡಿಯದವರೂ ಅವನ ಚಪ್ಪಲಿ ನೋಡಿ ಮಾತಾಡಿಸುತ್ತಿದ್ದರು. ವಿಷಯ ಕೇಳಿ, ಗಾಡಿಗೊಂದು ಸುತ್ತು ಬಂದು, ಚಕ್ರಗಳ ಮೇಲೆ ಬೆರಳಿಟ್ಟು ಅಳೆದ.

“ಮುಂದೆ ನಾಲ್ಕು ಬೆರಳು ತಗ್ಗಿದೆ. ತಯಾರಿಸುವಾಗಲೇ ಹೀಗೆ ಇಡ್ತಾರಮ್ಮ. ಹಿಂದೆ ಭಾರ ಬಿದ್ದರೆ ಕಮಾನು ಪಟ್ಟಿ ಕುಗ್ಗಿ ಸಮ ಆಗ್ಲಿ ಅಂತ. ಈಗ ಎತ್ತಬೇಕು ಅಂದ್ರೆ ಮುಂದಿನ ಸ್ಪ್ರಿಂಗ್ ಮೇಲೊಂದು ದಪ್ಪ ಬಿಲ್ಲೆ ಕೂರಿಸ್ತೀನಿ. ಚಕ್ರದ ನೇರ, ದೀಪದ ನೇರ ಎರಡನ್ನೂ ಮತ್ತೆ ಹೊಂದಿಸಬೇಕು. ಅಷ್ಟೇ.”

“ಕೇಳಿದ್ಯಾ?” ಚಿಕ್ಕಪ್ಪ ಎದ್ದು ನಿಂತರು. “ಭಾರ ಬಿದ್ರೆ ಸಮ ಆಗುತ್ತೆ! ಖಾಲಿ ಗಾಡಿ ನೋಡಿ ಮಟ್ಟ ಇಲ್ಲ ಅಂದ್ರೆ? ಬಾ, ಇವತ್ತಿನ ಸಾಮಾನು ಹೇರು. ಹೇರಿ ನೋಡೋಣ. ರಸಮಟ್ಟದ ಗುಳ್ಳೆ ನಡುವೆ ಬಂದ್ರೆ ಇವತ್ತಿಗೆ ಈ ಮಾತು ಬಂದ್.”

“ಬರದಿದ್ರೆ?”

“ಬರುತ್ತೆ.”

ಟೈಲ್ಸಿನ ಮಳಿಗೆ ಎದುರಿಗೇ ಇತ್ತು. ದಿನದ ಕೆಲಸಕ್ಕೆ ಬೇಕಾದ ಪೆಟ್ಟಿಗೆಗಳು, ಅಂಟಿನ ಚೀಲಗಳು, ಕತ್ತರಿಸುವ ಯಂತ್ರ, ಬಕೆಟ್ಟುಗಳು ಎಲ್ಲ ಹೇರಿ ಗಾಡಿಯನ್ನು ಗ್ಯಾರೇಜಿನ ಸಮತಟ್ಟು ನೆಲದ ಮೇಲೆ ತಂದು ನಿಲ್ಲಿಸಿದರು. ಚಿಕ್ಕಪ್ಪ ರಸಮಟ್ಟ ತೆಗೆದು ತೊಟ್ಟಿಯ ಅಂಚಿನ ಮೇಲೆ, ಮಗುವನ್ನು ಮಲಗಿಸುವಂತೆ, ಇಟ್ಟರು. ಗಾಜಿನ ಕೊಳವೆಯೊಳಗಿನ ಗುಳ್ಳೆ ಒಮ್ಮೆ ಅತ್ತಿತ್ತ ಆಡಿ ಹಿಂದಕ್ಕೆ ಸರಿದು ನಿಂತಿತು. ಹಿಂಭಾಗವೇ ಇನ್ನೂ ಎತ್ತರ.

“ಇನ್ನೆರಡು ಚೀಲ ಹಾಕು.”

ಹಾಕಿದರು. ಗುಳ್ಳೆ ಕದಲಿದಂತೆ ಮಾಡಿ ಕದಲಲಿಲ್ಲ.

“ತಡಿ,” ಎಂದವರೇ ಚಿಕ್ಕಪ್ಪ ಚಕ್ರದ ಮೇಲೆ ಕಾಲಿಟ್ಟು ತೊಟ್ಟಿ ಹತ್ತಿ, ತೀರಾ ಹಿಂದಿನ ಅಂಚಿನಲ್ಲಿ ಹೋಗಿ ನಿಂತರು. “ಈಗ ನೋಡು.”

ಜಾಕಿ ಮಾವ ನೋಡಿದ. “ಯಜಮಾನ್ರೇ, ನೀವು ಹತ್ತಿದ್ದು ಗಾಡಿಗೆ ಗೊತ್ತೇ ಆಗಿಲ್ಲ. ಸರಿಯಾಗಿ ಊಟ ಮಾಡಿ ನಾಳೆ ಬನ್ನಿ.”

ಅವಳಿಗೆ ನಗು ಒತ್ತಿಕೊಂಡು ಬಂತು. ತಲೆ ಎತ್ತಿದಾಗ ಚಿಕ್ಕಪ್ಪ ನಗುತ್ತಿರಲಿಲ್ಲ. ಪೆಟ್ಟಿಗೆಗಳ ನಡುವೆ ಬೆನ್ನು ಸೆಟೆಸಿ ನಿಂತಿದ್ದರು. ಅವರ ಕಣ್ಣು ಗುಳ್ಳೆಯ ಮೇಲೂ ಇರಲಿಲ್ಲ.

“ಆವಾಗ ಕಲ್ಲು ಹೇರ್ತಿದ್ವಿ,” ಅಂದರು. “ಗೋಡೆ ಕಟ್ಟೋ ಸೈಜುಗಲ್ಲು. ನಾನು ಮೇಲೆ, ಅಣ್ಣ ಕೆಳಗೆ. ಒಂದೊಂದು ಕಲ್ಲು ಬಿದ್ದಾಗಲೂ ಗಾಡಿ ಹಿಂದೆ ಉಸ್ಸಂತ ಕೂರೋದು, ಮುಂದೆ ಮೆಲ್ಲಗೆ ಏಳೋದು. ನೀರು ಕುಡಿದ ಎತ್ತು ತಲೆ ಎತ್ತುತ್ತಲ್ಲ, ಹಾಗೆ. ಅಣ್ಣ ಒಂದಷ್ಟು ದೂರ ಹೋಗಿ ಒಂದು ಕಣ್ಣು ಮುಚ್ಕೊಂಡು ನೋಡೋನು. ಹಿಂದುಮುಂದು ಸಮ ಬಂತು ಅಂದ್ರೆ ಹೊರೆ ತುಂಬ್ತು ಅಂತ. ತೂಕ ಇಲ್ಲ, ಲೆಕ್ಕ ಇಲ್ಲ. ಬಾನೆಟ್ ಮೇಲೆ ಕೈ ಇಟ್ಟು ‘ಸಾಕು, ದೇವರೇ’ ಅನ್ನೋನು. ಆಮೇಲೆ ಒಂದು ಕಲ್ಲೂ ಹಾಕೋ ಹಾಗಿಲ್ಲ. ಇನ್ನೊಂದು ಹಿಡಿಯುತ್ತೆ ಅಣ್ಣ ಅಂದ್ರೆ, ‘ಗಾಡಿ ಹಿಡಿದೀತು ಕಣೋ, ಆಸೆ ಹಿಡಿಬಾರದು’ ಅನ್ನೋನು. ಅದಕ್ಕೇ ಇದನ್ನ ಮುಟ್ಟಲಿಲ್ಲ ಅವನು. ಇದೇ ಅವನ ತಕ್ಕಡಿ.”

ಮಗಳಿಗೆ ಕಲ್ಲಿನ ದಿನಗಳು ಕನಸಿನಲ್ಲಿ ಕಂಡಷ್ಟು ಮಾತ್ರ ನೆನಪು: ಅಪ್ಪ ಮನೆಗೆ ಬಂದಾಗ ರೆಪ್ಪೆಯ ಮೇಲೂ ಇರುತ್ತಿದ್ದ ಬಿಳಿ ಧೂಳು, ಎತ್ತಿಕೊಂಡಾಗ ಕೆನ್ನೆಗೆ ತಾಗುತ್ತಿದ್ದ ಒರಟು ಹೆಗಲು, ಆ ಹೆಗಲ ಮೇಲಿಂದ ಕಾಣುತ್ತಿದ್ದ ಈ ಗಾಡಿ. ಆಮೇಲೆ ಕಲ್ಲಿನ ಗೋಡೆ ಕೇಳುವವರು ಕಡಿಮೆಯಾದರು. ಕಲ್ಲು ನಿಂತಿತು. ಗಾಡಿ ಮಾತ್ರ, ಬರಲಿರುವ ಹೊರೆಗೆ ಕಾಯುವ ಭಕ್ತನ ಹಾಗೆ, ಅದೇ ತಗ್ಗಿದ ತಲೆಯಲ್ಲಿ ನಿಂತೇ ಇತ್ತು. ಕಾಯುವುದು ದೊಡ್ಡದು ನಿಜ. ಆದರೆ ಇನ್ನೆಂದೂ ಬಾರದ್ದಕ್ಕೆ ಕಾಯುವುದನ್ನು ದೇವರು ಕೂಡ ಯಾರಿಂದಲೂ ಕೇಳುವುದಿಲ್ಲ.

ಅವಳು ರಸಮಟ್ಟ ಎತ್ತಿಕೊಂಡಳು. “ಬೇಡ ಬಿಡಿ ಚಿಕ್ಕಪ್ಪ. ಹಾಗೇ ಇರ್ಲಿ. ಆ ಇಳಿಜಾರಿಗೆ ಒಂದು ಹಲಗೆ ಹಾಕ್ಕೊಂಡು ಇಳಿಸಿದ್ರಾಯ್ತು. ಬನ್ನಿ, ಇಳೀರಿ.”

ಚಿಕ್ಕಪ್ಪ ಇಳಿಯಲಿಲ್ಲ.

“ನಿಂಗೆ ನನ್ನ ಮೇಲೆ ಕನಿಕರ ಬಂತಾ?”

“ಕನಿಕರ ಅಲ್ಲ. ನೀವಿಲ್ದೆ ನಾನು ಹೋಗಲ್ಲ. ಅಷ್ಟೇ.”

“ನಾನು ಎಲ್ಲಿವರೆಗೆ ಬರ್ತೀನೇ ಹುಚ್ಚಿ?” ಅವರ ದನಿ ಇಳಿಯಿತು. “ಗುಳ್ಳೆ ಬರುತ್ತೆ ಅಂತ ಹಟ ಮಾಡಿದ್ದು ನಾನೇ. ಬರಲಿಲ್ಲ. ಇಷ್ಟು ದಿನ ನೀನು ಹೇರಿದ್ದೆಲ್ಲ ಈ ಗಾಡಿ ಲೆಕ್ಕದಲ್ಲಿ ಅರೆಹೊರೆ. ಬೆನ್ನು ಮುರಿಯೋ ಹಾಗೆ ದುಡೀತಿದ್ದೀಯ, ಆದ್ರೂ ಒಂದು ದಿನ ಇದು ತಲೆ ಎತ್ತಲಿಲ್ಲ. ಅಣ್ಣ ಇದ್ದಿದ್ರೆ ಇದನ್ನ ಒಪ್ತಿದ್ನಾ?”

ಅವಳು ತೊಟ್ಟಿಯಲ್ಲಿದ್ದ ಪೆಟ್ಟಿಗೆಗಳನ್ನು ನೋಡಿದಳು. ಅಡುಗೆಮನೆಯ ನೆಲಕ್ಕೆ ಬೂದು ಬಣ್ಣದ ಟೈಲ್ಸು, ಬಚ್ಚಲಿಗೆ ಒರಟು ಮೈಯವು. ಯಾರದೋ ಮನೆಯ ಮಗು ನಾಳೆ ಅವುಗಳ ಮೇಲೆ ತಪ್ಪುಹೆಜ್ಜೆ ಇಟ್ಟು ನಡೆಯಲು ಕಲಿಯುತ್ತದೆ. ಇದೂ ಹೊರೆಯೇ ತಾನೆ?

“ಜಾಕಿ ಮಾವ,” ಅಂದಳು. “ಪೂರ್ತಿ ಎತ್ತೋದು ಬೇಡ. ಖಾಲಿ ಇದ್ದಾಗ ಸಮ ಇರ್ಬೇಕಾಗಿಲ್ಲ. ಈಗ ಹೇರಿದ್ದೀವಲ್ಲ, ಈ ಹೊರೆಗೆ ಸಮ ಬರಬೇಕು. ಅದಕ್ಕೆ ಎಷ್ಟು ದಪ್ಪ ಬೇಕೋ ಅಷ್ಟೇ ಬಿಲ್ಲೆ ಹಾಕಿ.”

ಜಾಕಿ ಮಾವ ತಲೆ ಕೆರೆದುಕೊಂಡ. “ಎಲ್ಲರೂ ಚೆಂದಕ್ಕೆ ಅಂತ ಎತ್ತಿಸ್ತಾರೆ. ಹೊರೆ ನೋಡಿ ಎತ್ತಿಸೋದು ಇದೇ ಮೊದಲು. ತೆಳು ಬಿಲ್ಲೆ ಸಾಕಾಗುತ್ತೆ. ಒಳ್ಳೇದೇ ಆಯ್ತು. ಪೂರ್ತಿ ಎತ್ತಿದ್ರೆ ಭಾರ ಬಿದ್ದಾಗ ಮೂಗು ಆಕಾಶ ನೋಡುತ್ತೆ, ದೀಪ ಎದುರಿನವರ ಕಣ್ಣಿಗೆ ಹೊಡಿಯುತ್ತೆ. ಆಮೇಲೆ ಅವರು ಬೈಯೋದು ನನಗೆ.”

ಸಾಮಾನು ಇಳಿಸಿದರು. ಚಿಕ್ಕಪ್ಪನೂ ಒಂದೊಂದೇ ಪೆಟ್ಟಿಗೆ ಎತ್ತಿ ಕೊಟ್ಟರು. ಆಮೇಲೆ ಮೂಲೆಯ ಹಳೆ ಟೈರಿನ ಮೇಲೆ ಕೂತು, ಗಾಡಿಯ ಮುಂಭಾಗ ಜಾಕಿಯ ಮೇಲೆ ಏಳುವುದನ್ನು, ಚಕ್ರ ಬಿಚ್ಚುವುದನ್ನು, ತುಕ್ಕು ಹಿಡಿದ ಬೋಲ್ಟು ಹಟ ಮಾಡುವುದನ್ನು, ಜಾಕಿ ಮಾವ ಅದಕ್ಕೆ ಎಣ್ಣೆ ಬಿಟ್ಟು ಬೈದು ಒಲಿಸುವುದನ್ನು ನೋಡುತ್ತಾ ಕೂತರು. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರೋ, ಅಣ್ಣನ ಜೊತೆ ಮಾತೋ, ಹೇಳುವುದು ಕಷ್ಟ. ಅವಳು ಹತ್ತಿರ ಹೋಗಿ ಚಹಾ ಕೊಟ್ಟಳು. ತಗೊಂಡರು.

ಕೆಲಸ ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಖಾಲಿ ಗಾಡಿಯ ಮುಂಭಾಗ ಮೊದಲಿನಷ್ಟಲ್ಲದಿದ್ದರೂ ಇನ್ನೂ ಕೊಂಚ ಬಾಗಿಯೇ ಇತ್ತು. ಸಾಮಾನು ಮತ್ತೆ ಹೇರುತ್ತಾ ಹೋದ ಹಾಗೆ ಅದು ಮೆಲ್ಲಗೆ ಎದ್ದಿತು. ಅವಳು ರಸಮಟ್ಟ ಇಟ್ಟಳು. ಗುಳ್ಳೆ ನಡುವಿನ ಎರಡು ಗೆರೆಗಳ ನಡುವೆ ಬಂದು ಸುಮ್ಮನೆ ಕೂತಿತು. ಜಾಕಿ ಮಾವನ ಜೊತೆ ಬೀದಿಯಲ್ಲಿ ಒಂದು ಸುತ್ತು ಹೋಗಿ, ಚಕ್ರ ನೇರ ಓಡುವುದನ್ನು ಪರೀಕ್ಷಿಸಿ ವಾಪಸು ಬಂದಳು. ಜಾಕಿ ಮಾವ ಇಳಿದ. ಅವಳು ಇಂಜಿನ್ ಆರಿಸಲಿಲ್ಲ. ಪಕ್ಕದ ಬಾಗಿಲು ತೆರೆದೇ ಇತ್ತು.

ಕರೆಯಲೇ ಅಂದುಕೊಂಡಳು. ಕರೆದರೆ ಬಂದಾರು, ಅದು ತನಗಾಗಿ ಬಂದಂತಾದೀತು ಎಂದು ಬಾಯಿ ಮುಚ್ಚಿಕೊಂಡಳು.

ಚಿಕ್ಕಪ್ಪ ಟೈರಿನ ಮೇಲಿಂದ ಎದ್ದರು. ಗಾಡಿಯ ಮುಂದೆ ಬಂದು ಒಂದು ಗಳಿಗೆ ನಿಂತರು. ಆಮೇಲೆ ಬಾಗಿಲ ಹತ್ತಿರ ಬಂದು, ಮೆಟ್ಟಿಲಿನ ಮೇಲೆ ಕಾಲಿಟ್ಟು, “ಅಯ್ಯಪ್ಪಾ, ಎತ್ತರ ಮಾಡಿಬಿಟ್ಟಳು ಮಹಾರಾಯ್ತಿ,” ಎಂದು ಗೊಣಗುತ್ತಾ ಹತ್ತಿ ಕೂತರು. ಬಾಗಿಲು ಹಾಕಿಕೊಂಡರು.

ಗಾಡಿ ಬೀದಿಗೆ ಇಳಿದ ಮೇಲೆ ಅಂಗಿಯ ಒಳಜೇಬಿಗೆ ಕೈ ಹಾಕಿ, ಗೋಡೆಯ ಮಟ್ಟ ನೋಡುವ ದಾರದ ತುಂಡಿಗೆ ಪೋಣಿಸಿದ್ದ ಒಂದು ಕೀಲಿಕೈ ತೆಗೆದರು. ಈ ಗಾಡಿಯದೇ ಎರಡನೆಯ ಕೀಲಿ. ಅಣ್ಣ ತಮ್ಮನ ಕೈಗೆ ಕೊಟ್ಟಿದ್ದದ್ದು. ಅಣ್ಣ ಹೋದ ಮೇಲೆ ಅದು ಮಗಳಿಗೆ ಸೇರಬೇಕಾದದ್ದು. ಅವಳು ಕೇಳಿರಲಿಲ್ಲ, ಅವರಿಗೆ ಕೊಡಲು ಮನಸ್ಸು ಬಂದಿರಲಿಲ್ಲ. ಅಂಗಿಯ ತುದಿಯಿಂದ ಅದನ್ನು ಒರೆಸಿ, ಅವಳ ಕಡೆ ನೋಡದೆ, ಗೇರಿನ ಪಕ್ಕದ ಗುಳಿಯಲ್ಲಿ ಸದ್ದಾಗದಂತೆ ಇಟ್ಟರು.