ಮೂರನೇ ಪೆಟ್ಟು

ಮಲ್ಲಂದೂರಿನ ಆಚೆಗಿನ ಆ ಎಸ್ಟೇಟಿನಲ್ಲಿ ಎಲಿಯಾಸ್ ಇಪ್ಪತ್ತು ವರ್ಷ ಮೇಸ್ತ್ರಿಯಾಗಿ ಉಳಿದದ್ದು ಎಂಟು ನಿಮಿಷಗಳ ಬಲದಿಂದ. ಗೇಟಿನಿಂದ ಬಂಗಲೆಗೆ ಐದು ತಿರುವು. ಸಾಹುಕಾರ್ ಓಂಕಾರಮೂರ್ತಿಯವರ ಜೀಪು ಎಷ್ಟು ಏದುಸಿರು ಬಿಟ್ಟರೂ ಹತ್ತಿ ಬರಲು ಎಂಟು ನಿಮಿಷ ಬೇಕು. ಜೀಪು ಗೇಟು ದಾಟಿದ ಕೂಡಲೇ ವಾಚ್‌ಮನ್ ಮಂಜಯ್ಯ ಅಲ್ಲಿ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಎರಡು ಪೆಟ್ಟು ಕೊಡುತ್ತಿದ್ದ. ಅಷ್ಟರಲ್ಲಿ ಎಲಿಯಾಸ್ ಬೀಡಿ ಆರಿಸಿ, ನೆರಳಿಗೆ ಒರಗಿದವರನ್ನು ಎಬ್ಬಿಸಿ, ಬೆಳಗಿನಿಂದ ದುಡಿದವನ ಮುಖ ಹೊತ್ತು ನಿಂತಿರುತ್ತಿದ್ದ. ಬೆವರಿಗೆಂದೇ ಒಂದು ಬಾಟಲಿ ನೀರು ಇಟ್ಟುಕೊಂಡಿದ್ದ.

ಎರಡು ಸಾವಿರದ ಇಸವಿ ಜನವರಿಯ ಕೊನೆಯ ಭಾನುವಾರ ಪಾಸ್ಟರ್ ಅಯ್ಯನವರು ಈ ಏರ್ಪಾಟಿಗೇ ಕೈ ಹಾಕಿದರು. "ಪ್ರಭು ಬರುವ ದಿನ ಯಾರಿಗೂ ಗೊತ್ತಿಲ್ಲ, ಗಳಿಗೆಯೂ ಗೊತ್ತಿಲ್ಲ. ಮೊದಲೇ ಹೇಳಿ ಕಳಿಸುವುದಿಲ್ಲ. ನೆರೆಯವನಿಗೆ ತಪ್ಪು ಮಾಡಿದ್ದರೆ ಇವತ್ತೇ ಸರಿಮಾಡಿಕೊಳ್ಳಿ."

ಎಲಿಯಾಸನ ಗಂಟಲಲ್ಲಿ ಕೋಳಿ ಎದ್ದು ಕೂತಿತು.

ಅವನ ಪಾಪಗಳಲ್ಲೆಲ್ಲ ದೊಡ್ಡದು ಪಾಪಮ್ಮನದು. ಕೂಲಿಯವರ ಮನೆಗಳ ಸಾಲಾದ ಲೈನಿನಲ್ಲಿ ಅವನ ಪಕ್ಕದ ಮನೆಯ ಒಂಟಿ ಮುದುಕಿ ಆಕೆ. ಅವಳ ಹುಂಜದ ಹೆಸರು ಕಲೆಕ್ಟರ್. ನಡಿಗೆಯೂ ಹಾಗೇ ಇತ್ತು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಬಾಳೆಹೊನ್ನೂರಿನಿಂದ ಭಾವಮೈದುನರು ಬಂದಿಳಿದಾಗ ಎಲಿಯಾಸ್ ಮಬ್ಬುಗತ್ತಲಲ್ಲಿ ತನ್ನದೆಂದು ಹಿಡಿದದ್ದು ಕಲೆಕ್ಟರನನ್ನು. ಗೊತ್ತಾಗುವ ಹೊತ್ತಿಗೆ ಒಲೆಯ ಮೇಲೆ ಸಾರು ಬಂದಿತ್ತು. ಬಾಯಿಗೆ 'ಸಾರಿ' ಬರಲಿಲ್ಲ. ನಾಳೆ ಹೇಳೋಣ ಅಂದುಕೊಂಡ. ಆದರೆ ಬೆಳಗಿನ ಜಾವ ಹುಂಜ ಕೂಗದಿದ್ದರೆ ಪಾಪಮ್ಮ ಹುಡುಕಲು ಹೊರಡುವುದು ಖಂಡಿತ. ಎಲಿಯಾಸನಿಗೋ ಸಾಹುಕಾರರ ಕೆಮ್ಮಿನಿಂದ ಹಿಡಿದು ಪಾಸ್ಟರರ ಆಮೆನ್‌ವರೆಗೆ ಯಾವ ದನಿಯನ್ನಾದರೂ ತೆಗೆಯುವ ವರ ಇತ್ತು. ಲಂಟಾನ ಪೊದೆಯ ಹಿಂದೆ ಕೂತು ತಾನೇ ಕೂಗಿದ.

ಅಂದಿನಿಂದ ದಿನಾ ಕೂಗುತ್ತಿದ್ದ. ಹುಂಜ ಕಾಡುಕೋಳಿಗಳ ಸಹವಾಸಕ್ಕೆ ಬಿದ್ದಿದೆ ಎಂದು ಪಾಪಮ್ಮ ಎಲ್ಲರಿಗೂ ಹೇಳಿದಳು. ಪ್ರತಿ ಬೆಳಗ್ಗೆ ಗೂಡಿನ ಬಾಗಿಲು ತೆರೆದಿಟ್ಟು, ಅಂಗಳಕ್ಕೆ ನುಚ್ಚು ಚೆಲ್ಲಿ, "ಬಾ ಕಲೆಕ್ಟ್ರೇ, ಬಾರೋ" ಎಂದು ಪೊದೆಯ ಕಡೆ ಕರೆಯುತ್ತಿದ್ದಳು. ಜಗಲಿಯ ಮೇಲೆ ಎರಡು ಲೋಟ ಕಾಫಿ ಹೊಗೆಯಾಡುತ್ತಿತ್ತು. ಒಂಟಿ ಹೆಂಗಸಿಗೆ ಎರಡು ಲೋಟ ಯಾಕೆಂಬುದು ಪೊದೆಯ ಹಿಂದಿನ ಹುಂಜಕ್ಕೆ ಹೊಳೆಯಲಿಲ್ಲ.

ಆ ಭಾನುವಾರ ಪಾಸ್ಟರರ ಪ್ರವಚನ ಕೇಳಿದ ಎಲಿಯಾಸ್ ಆರಾಧನೆಯಿಂದ ನೇರ ಹೋದದ್ದು ಪಾಪಮ್ಮನ ಮನೆಗಲ್ಲ, ಗೇಟಿಗೆ.

"ಮಂಜಯ್ಯ, ಪ್ರಭು ಬಂದ್ರೆ ಮೂರು ಪೆಟ್ಟು ಹೊಡಿ ಮಾರಾಯ."

"ಜೀಪಾ, ಕಾರಾ?"

"ಮೇಘದ ಮೇಲೆ."

"ಮೇಘ ಈ ಗೇಟಿಂದ್ಲೇ ಬರುತ್ತೆ ಅಂತ ಏನು ಗ್ಯಾರಂಟಿ? ಬೇಲಿ ಮೇಲಿಂದ ಹೋದ್ರೆ ನನ್ನ ಕೇಳ್ಬೇಡ. ಗುರುತಾದ್ರೂ ಹೇಳು."

"ಬಿಳಿ ಬಟ್ಟೆ, ಉದ್ದ ಗಡ್ಡ. ನಮ್ಮನೆ ಕ್ಯಾಲೆಂಡರಲ್ಲಿ ನೋಡಿದೀಯಲ್ಲ."

"ರಿಜಿಸ್ಟರಲ್ಲಿ ಸೈನ್ ಹಾಕಿಸ್ಕೊಳ್ಲಾ?"

"ನಿನ್ನ ಕರ್ಮ. ಮೂರು ಪೆಟ್ಟು ಅಷ್ಟೇ."

ಎಂಟು ನಿಮಿಷ ಸಿಕ್ಕರೆ ಸಾಕು, ಅಷ್ಟರಲ್ಲಿ ಪಾಪಮ್ಮನ ಕಾಲು ಹಿಡಿದು ಮುಗಿಸಬಹುದು ಎಂಬುದು ಅವನ ಲೆಕ್ಕಾಚಾರ. ಸ್ವರ್ಗ ತಪ್ಪಬಾರದು, ಅದಕ್ಕೆ ಮುಂಚೆ ಮಾನವೂ ಹೋಗಬಾರದು.

ಬುಧವಾರ ಹತ್ತೂವರೆಗೆ, ರೋಬಸ್ಟಾ ಕೊಯ್ಲಿನ ನಡುವೆ, ಹಳಿ ಮೊಳಗಿತು. ಟಣ್. ಟಣ್. ಎಲಿಯಾಸ್ ಬೀಡಿ ಎಸೆದು ಬಾಟಲಿ ಎತ್ತಿಕೊಂಡ.

ಟಣ್.

ಬಾಟಲಿ ಕೈಯಿಂದ ಜಾರಿತು. ಕಾಫಿ ಗಿಡಗಳ ನಡುವೆ ಅವನು ಓಡಿದ ಓಟಕ್ಕೆ ಕೊಯ್ಲಿನ ಹೆಂಗಸರು ಹಾವೋ ಕಾಡುಹಂದಿಯೋ ಎಂದು ನೆರಳಿನ ಮರ ಹತ್ತಿದರು. ಪಾಪಮ್ಮ ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಎಲಿಯಾಸ್ ಅವಳ ಎದುರು ಮೊಣಕಾಲೂರಿದ.

"ಪಾಪಕ್ಕಾ, ಕಲೆಕ್ಟರನ್ನ ತಿಂದಿದ್ದು ನಾನು. ಟೈಮಿಲ್ಲ, ಬೇಗ ಕ್ಷಮಿಸಿಬಿಡಿ."

"ಗೊತ್ತು," ಅಂದಳು ಪಾಪಮ್ಮ, ಮೆಣಸಿನಿಂದ ಕಣ್ಣೆತ್ತದೆ.

"ಹೆಂಗೆ?"

"ಯಾವ ಹುಂಜ ಕೂಗಿದ್ಮೇಲೆ ಬೀಡಿ ಕೆಮ್ಮು ಕೆಮ್ಮುತ್ತೆ? ಅದೂ ಭಾನುವಾರ ಅರ್ಧ ಗಂಟೆ ಲೇಟು. ಕೋಳಿಗೆ ಭಾನುವಾರ ಯಾರಪ್ಪ ಹೇಳ್ಕೊಟ್ಟಿದ್ದು?"

"ಮತ್ತೆ ನುಚ್ಚು ಯಾಕೆ ಹಾಕ್ತಿದ್ರಿ?"

"ನಿಮ್ಮನೆ ಹ್ಯಾಟೆ ಮೂರು ಬರ್ತಾವಲ್ಲ. ತಿಂದು ನಮ್ಮ ಗೂಡಲ್ಲೇ ಮೊಟ್ಟೆ ಇಟ್ಟು ಹೋಗ್ತಾವೆ. ಅವಕ್ಕಿರೋ ಮರ್ಯಾದೆ ನೋಡು." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಬಾರೋ ಬಾರೋ ಅಂದದ್ದು ನಿನ್ನನ್ನೇ ಮಾರಾಯ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ದಿನಾ ಒಂದು ಲೋಟ ಜಾಸ್ತಿ ಕಾಸಿದೆ. ಕೊನೇಗೆ ಅದನ್ನೂ ನಾನೇ ಕುಡಿದು ಪಿತ್ತ ಬಂತು. ಏಳು. ಕ್ಷಮಿಸಿ ತಿಂಗಳಾಯ್ತು."

ಎಲಿಯಾಸನಿಗೆ ಅಳು ಬಂತು. ಈ ಸಲ ಬಾಟಲಿ ಬೇಕಾಗಲಿಲ್ಲ.

ಅಷ್ಟರಲ್ಲಿ ಜೀಪು ನಾಲ್ಕನೇ ತಿರುವು ಸುತ್ತಿ ಲೈನಿನ ಮುಂದೆಯೇ ನಿಂತಿತು. ಮುಂದೆ ಓಂಕಾರಮೂರ್ತಿ. ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆ, ಎದೆವರೆಗೆ ಗಡ್ಡ. ಎಲಿಯಾಸ್ ಮೊಣಕಾಲಿನ ಮೇಲೇ ಆ ಕಡೆ ತಿರುಗಿ ಕೈ ಜೋಡಿಸಿದ. ಹೆದರಿಕೆಯಾಗಲಿಲ್ಲ. ಅದೇ ಅವನಿಗೆ ಆಶ್ಚರ್ಯ.

"ಸ್ವಲ್ಪ ನೀರು ಸಿಗುತ್ತಾ?" ಅಂದಿತು ಗಡ್ಡ. "ಈ ತಿರುವಿಗೆ ಹೊಟ್ಟೆ ತೊಳಸ್ತಾ ಇದೆ."

"ನಮ್ಮ ಸೋದರಮಾವ, ಕಡೂರಿಂದ ಬಂದಿದಾರೆ," ಅಂದರು ಓಂಕಾರಮೂರ್ತಿ. "ಅದಿರಲಿ, ಕೊಯ್ಲಿನ ಹೊತ್ತಲ್ಲಿ ಇಲ್ಲೇನ್ರೀ ಮೇಸ್ತ್ರಿ?"

ಇಪ್ಪತ್ತು ವರ್ಷದ ನೆಪಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದವು. ಎಲಿಯಾಸ್ ಒಂದನ್ನೂ ಮುಟ್ಟಲಿಲ್ಲ.

"ಇವರ ಕೋಳಿ ತಿಂದಿದ್ದೆ ಸಾಹುಕಾರ್ರೆ. ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಓಂಕಾರಮೂರ್ತಿ ಜೀಪಿನಿಂದ ತಲೆ ಹೊರಗೆ ಹಾಕಿದರು. "ನಿಮ್ಮ ಬಾಯಿಂದ ನಿಜ ಕೇಳಿದ್ದು ಇದೇ ಮೊದಲು. ಹೋಗಿ, ಕೆಲಸ ನೋಡಿ."

ಸಂಜೆ ಗೇಟಿನಲ್ಲಿ ಮಂಜಯ್ಯ ತಲೆ ಕೆರೆದುಕೊಂಡ. "ಎರಡು ಸಾಹುಕಾರ್ರಿಗೆ ಹೊಡ್ದೆ. ಆಮೇಲೆ ಗಡ್ಡ ನೋಡಿ ಡೌಟ್ ಬಂತು, ಸೇಫ್ಟಿಗೆ ಇನ್ನೊಂದು ಕೊಟ್ಟೆ."

"ಇನ್ಮೇಲೆ ಮೂರನೇದು ಬೇಡ ಮಾರಾಯ. ಪ್ರಭು ಬರೋ ಹೊತ್ತಿಗೆ ಬರ್ಲಿ. ನಂದೇನೂ ಬಾಕಿ ಇಲ್ಲ."

ಪೂರ್ತಿ ನಿಜವಲ್ಲ. ಎಲಿಯಾಸ್ ತಂದುಕೊಟ್ಟ ಹೊಸ ಹುಂಜದ ಮರಿಗೆ ಇನ್ನೂ ಕೂಗಲು ಬರುತ್ತಿರಲಿಲ್ಲ. ಅದಕ್ಕೆ ಬರುವವರೆಗೆ ಎಲಿಯಾಸನೇ ಕೂಗಬೇಕೆಂಬುದು ಪಾಪಮ್ಮನ ಷರತ್ತು. ಪೊದೆ ಬಿಟ್ಟು ಜಗಲಿಯ ಮೇಲೆ, ಎರಡನೇ ಲೋಟ ಕೈಯಲ್ಲಿ ಹಿಡಿದು, ಎಲಿಯಾಸ್ ಎರಡು ತಿಂಗಳು ಪಾಠ ಹೇಳಿಕೊಟ್ಟ. ಈಸ್ಟರ್ ಹತ್ತಿರವಾದಾಗ ಒಂದು ಬೆಳಗ್ಗೆ ಮರಿ ಕತ್ತು ನೀಡಿ, ರೆಕ್ಕೆ ಬಡಿದು, ಇಡೀ ಲೈನು ಎದ್ದು ಕೂರುವಂತೆ ಕೂಗಿತು.

ಕೂಗಿ, ಗುರುವಿನ ಹಾಗೇ ಎರಡು ಸಲ ಕೆಮ್ಮಿತು.